ಹೊಟ್ಟೆ ನೋಡಿ ಹಿಡಿದ ಡಾಕ್ಟರು

ಟೈಲರ್ ಮಾಸ್ಟರಿಗೆ ಹಳೇ ಡಾಕ್ಟರ ಮೇಲಿದ್ದ ಕೋಪ ಇವತ್ತು ನಿನ್ನೆಯದಲ್ಲ. ಆ ಡಾಕ್ಟರು ಹಂಚಿಕಡ್ಡಿಯಂಥ ಮನುಷ್ಯ. ಕೆಮ್ಮು ಅಂತ ಹೋದರೂ “ನಡೀರಿ”, ತಲೆನೋವು ಅಂತ ಹೋದರೂ “ನಡೀರಿ”. ಒಮ್ಮೆ ಹೊಲಿಗೆ ಮೆಷಿನ್ನಿನ ಸೂಜಿ ಬೆರಳಿಗೆ ಚುಚ್ಚಿ ರಕ್ತ ಸುರಿಸಿಕೊಂಡು ಓಡಿಹೋದಾಗಲೂ ಆ ಮಹಾನುಭಾವರು ಬೆರಳಿಗೆ ಪಟ್ಟಿ ಸುತ್ತಿ, ಹೊಟ್ಟೆಯ ಕಡೆ ಕಣ್ಣು ಹಾಯಿಸಿ, “ಬೆಳಿಗ್ಗೆ ನಡೀತಿದ್ದೀರಿ ತಾನೆ?” ಎಂದು ಕೇಳಿದ್ದರು. ಬೆರಳಿಗೂ ಹೊಟ್ಟೆಗೂ ಎಲ್ಲಿಂದೆಲ್ಲಿಯ ಸಂಬಂಧ! ಅವರ ಕಾಟ ತಾಳಲಾರದೆ ಮಾಸ್ಟರು ಒಂದು ಕಾಲದಲ್ಲಿ ಬೆಳಗಿನ ನಡಿಗೆ ಶುರು ಮಾಡಿದ್ದೂ ಉಂಟು. ಮೋಡ ಕವಿದಿದೆಯೆಂದು ಒಂದು ದಿನ ಬಿಟ್ಟರು. ಮೋಡ ಚದುರಿತು, ಮಾಸ್ಟರು ಏಳಲಿಲ್ಲ.

“ನನಗೆ ಬೇಕಾಗಿರೋದು ಡಾಕ್ಟರು, ಡ್ರಿಲ್ ಮೇಷ್ಟ್ರಲ್ಲ. ಇವತ್ತೇ ಬೇರೆಯವರನ್ನ ಹುಡುಕ್ತೀನಿ,” ಎಂದು ಅವರು ಹೆಂಡತಿಯ ಮುಂದೆ ಘೋಷಿಸಿದರು.

ಅವರ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಬಟ್ಟೆ ಕತ್ತರಿಸುವುದು ಹೆಂಡತಿ, ಹೊಲಿಯುವುದು ಗಂಡ. (ಬೋರ್ಡಿನ ಮೇಲೆ ಗಂಡನ ಹೆಸರು ಮಾತ್ರ ಇತ್ತು, ಅದು ಬೇರೆ ಜಗಳ.)

“ಡಾಕ್ಟರನ್ನ ಬದಲಾಯಿಸಿದ್ರೆ ಹೊಟ್ಟೆ ಕರಗುತ್ತಾ ರೀ?” ಎಂದಳು ಆಕೆ.

“ನಿನಗೂ ನನ್ನ ಹೊಟ್ಟೆ ಮೇಲೇ ಕಣ್ಣು! ಮದುವೆ ದಿನ ಎಷ್ಟಿತ್ತೋ ಇವತ್ತಿಗೂ ಅಷ್ಟೇ ಇದೆ. ಆ ಕಡ್ಡಿ ಪೈಲ್ವಾನನಿಗೆ ಮೈಕೈ ತುಂಬಿಕೊಂಡಿರೋರನ್ನ ಕಂಡ್ರೆ ಹೊಟ್ಟೆಕಿಚ್ಚು, ಅಷ್ಟೆ.”

ಮಾರ್ಕೆಟ್ಟಿನ ತುದಿಯಲ್ಲಿ ಹೊಸದೊಂದು ಕ್ಲಿನಿಕ್ ತೆರೆದಿತ್ತು. ಮಾಸ್ಟರು ಹೆಂಡತಿಯನ್ನು ಕರೆದುಕೊಂಡು ಹೋಗಿ ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು. ಹೊಸ ಡಾಕ್ಟರು ಕುರ್ಚಿಯ ತುಂಬ ಕೂತಿದ್ದರು. ಹೊಟ್ಟೆ ಅವರಿಗಿಂತ ಮೊದಲೇ ಬಂದು ಮೇಜಿಗೆ ಒರಗಿತ್ತು. ಅಂಗಿಯ ಗುಂಡಿಗಳು ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ಕರ್ತವ್ಯ ನಿರ್ವಹಿಸುತ್ತಿದ್ದವು. ಆ ಉದರವೈಭವವನ್ನು ಕಂಡು ಮಾಸ್ಟರಿಗೆ ಕಣ್ತುಂಬಿ ಬಂತು. ‘ನನ್ನ ಎರಡರಷ್ಟಿದ್ದಾರೆ! ನಡೀರಿ ಅನ್ನೋಕೆ ಇವರಿಗೆ ಯಾವ ಬಾಯಿದೆ?’ ಎಂದುಕೊಂಡು ನಗುನಗುತ್ತ ಒಳಗೆ ಹೋದರು.

ಡಾಕ್ಟರು ಬಿ.ಪಿ. ನೋಡಿದರು, ನಾಲಿಗೆ ನೋಡಿದರು, ಆಮೇಲೆ ಮಾಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಬಹಳ ಪ್ರೀತಿಯಿಂದ ನೋಡಿದರು.

“ಮಾಸ್ಟ್ರೇ, ಮುಂಚೆ ವಾಕಿಂಗ್ ಮಾಡ್ತಿದ್ರಾ?”

“ಮಾಡ್ತಿದ್ದೆ ಡಾಕ್ಟ್ರೇ. ಆ ಪೀಡೆ ತೊಲಗಿ ಎಷ್ಟೋ ಕಾಲವಾಯ್ತು.”

“ಮತ್ತೆ ಶುರು ಮಾಡಬೇಕಲ್ಲ!”

ಮಾಸ್ಟರಿಗೆ ಕಾಲಡಿಯ ನೆಲ ಕುಸಿದಂತಾಯಿತು. “ನೀವು... ನೀವು ಹೇಳ್ತಿದ್ದೀರಾ ಇದನ್ನ?”

“ಬರೀ ಹೇಳೋದೇನು, ಜೊತೆಗೆ ನಾನೂ ಬರ್ತೀನಿ. ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿ ಹಾಜರ್. ಮನೆ ಎಲ್ಲಿ?”

ಮಾಸ್ಟರು ಇಲ್ಲದ ಬೀದಿಯೊಂದನ್ನು ಹುಟ್ಟಿಸಲು ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಹೆಂಡತಿ, “ನೀರಿನ ಟ್ಯಾಂಕ್ ಹಿಂದಿನ ಬೀದಿ, ನೀಲಿ ಗೇಟು. ಬೆಲ್ ಕೆಟ್ಟಿದೆ, ಜೋರಾಗಿ ಕೂಗಿ,” ಎಂದು ಸಕಲ ವಿವರ ಒಪ್ಪಿಸಿಬಿಟ್ಟಳು.

ಅಲ್ಲಿಂದ ಮಾಸ್ಟರ ಬೆಳಗಿನ ನಿದ್ದೆ ಮಣ್ಣುಪಾಲಾಯಿತು. ಬೇರೆ ಯಾರಾದರೂ ಜೊತೆಗಾರರಾಗಿದ್ದರೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಬಾಗಿಲಲ್ಲಿ ಡಾಕ್ಟರೇ ನಿಂತಿದ್ದರೆ ಆ ಮಾತು ಹೇಳುವುದು ಹೇಗೆ? ಒಂದು ದಿನ ಧೈರ್ಯ ಮಾಡಿ ಮುಸುಕಿನೊಳಗಿಂದ ನರಳಿ ನೋಡಿದರು. ಡಾಕ್ಟರು ನೇರ ಮಲಗುವ ಕೋಣೆಗೇ ಬಂದು ಥರ್ಮಾಮೀಟರನ್ನು ಬಾಯಿಗಿಟ್ಟರು. “ಜ್ವರ ಇಲ್ಲ, ಎದ್ದೇಳಿ!” ಎಂದರು. ಹೆಂಡತಿ ಬೂಟು ಹಿಡಿದುಕೊಂಡು ಅವರ ಹಿಂದೆಯೇ ನಿಂತಿದ್ದಳು. ಕಟ್ಟಿಕೊಂಡವಳೂ ವೈದ್ಯಲೋಕವೂ ಒಂದಾಗಿ ತಮ್ಮ ಮೇಲೆ ಸಂಚು ಹೂಡಿವೆ ಎಂದು ಮಾಸ್ಟರಿಗೆ ಖಾತ್ರಿಯಾಯಿತು.

ಪಾರ್ಕಿನಲ್ಲಿ ಜನ ನೋಡುತ್ತಿದ್ದರು. ಇಬ್ಬರೂ ಅಕ್ಕಪಕ್ಕ ನಡೆದರೆ ದಾರಿಯಲ್ಲಿ ಮೂರನೆಯವರಿಗೆ ಜಾಗವಿರುತ್ತಿರಲಿಲ್ಲ. ಡಾಕ್ಟರು ಸ್ವಲ್ಪ ಮುಂದೆ ಹೋದಾಗೆಲ್ಲ ಮಾಸ್ಟರು ಬೆಂಚಿನವರ ಕಡೆ ಬಗ್ಗಿ, “ಪಾಪ, ತುಂಬ ದಪ್ಪ. ಒಬ್ಬರೇ ನಡೆಯೋಕೆ ನಾಚಿಕೆಯಂತೆ. ಅದಕ್ಕೇ ನಾನು ಜೊತೆ ಕೊಡ್ತಿದ್ದೀನಿ,” ಎಂದು ಪಿಸುಗುಟ್ಟುತ್ತಿದ್ದರು. ಬೆಂಚಿನವರು ಇವರನ್ನೊಮ್ಮೆ ಅವರನ್ನೊಮ್ಮೆ ನೋಡುತ್ತಿದ್ದರು.

ಆದರೆ ಪರೋಪಕಾರಕ್ಕೂ ಒಂದು ಮಿತಿ ಬೇಡವೇ? ಒಂದು ಬೆಳಿಗ್ಗೆ ನಡಿಗೆ ಮುಗಿಸಿ ಬಂದು ಡಾಕ್ಟರು ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮಾಸ್ಟರು ಗಂಟಲು ಸರಿಮಾಡಿಕೊಂಡರು.

“ಡಾಕ್ಟ್ರೇ, ಇಷ್ಟು ದಿನ ನಿಮಗೋಸ್ಕರ ಹಲ್ಲು ಕಚ್ಚಿಕೊಂಡು ಬಂದೆ. ನಿಮ್ಮ ಮೈ ಹಾಗಿದೆ, ನಿಮ್ಮ ಸಂಕೋಚ ನನಗೂ ಅರ್ಥವಾಗುತ್ತೆ. ಆದ್ರೆ ನನ್ನಂಥವನಿಗೆ ಯಾಕೆ ಈ ಶಿಕ್ಷೆ? ಇನ್ನು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಡಾಕ್ಟರು ಲೋಟ ಕೆಳಗಿಟ್ಟು ಮಾಸ್ಟರ ಎರಡೂ ಕೈ ಹಿಡಿದುಕೊಂಡರು. “ಹಾಗನ್ನಬೇಡಿ ಮಾಸ್ಟ್ರೇ. ನಿಮ್ಮಂಥವರು ಊರೆಲ್ಲ ಹುಡುಕಿದ್ರೂ ಸಿಗಲ್ಲ. ನನ್ನ ಡಾಕ್ಟರೂ ಅದನ್ನೇ ಹೇಳಿದ್ರು.”

“ನಿಮಗೂ ಡಾಕ್ಟರಾ? ಯಾರು?”

“ನೀವು ದಿನಾ ದಾರಿಯುದ್ದಕ್ಕೂ ಬೈತಿರ್ತೀರಲ್ಲ, ನಿಮ್ಮ ಹಳೇ ಡಾಕ್ಟರು, ಅವರೇ! ನಡೀರಿ, ನಡೀರಿ ಅಂತ ನನ್ನ ಪ್ರಾಣ ತಿಂತಿದ್ರು. ಜನ ನನ್ನ ಹೊಟ್ಟೆ ನೋಡ್ತಾರೆ ಅಂತ ನಾನು ಹೊರಗೇ ಬರ್ತಿರಲಿಲ್ಲ. ಕೊನೆಗೆ ಒಂದು ಉಪಾಯ ಹೇಳಿಕೊಟ್ರು. ನಿಮಗಿಂತ ದಪ್ಪಗಿರೋ ಒಬ್ಬರನ್ನ ಜೊತೆಗೆ ಹಾಕ್ಕೊಳ್ಳಿ, ಆಮೇಲೆ ನಿಮ್ಮನ್ನ ಯಾರು ನೋಡ್ತಾರೆ ಅಂದ್ರು. ಅವತ್ತು ನೀವು ನನ್ನ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದ್ರಲ್ಲ, ದೇವರೇ ಬಂದ ಹಾಗಾಯ್ತು!”

ಮಾಸ್ಟರ ಮುಖ ಕೆಂಪಾಯಿತು. “ನಾನು? ನಿಮಗಿಂತ? ಏನ್ರೀ ಮಾತಾಡ್ತಿದ್ದೀರಿ! ನಾನು ಟೈಲರ್. ಊರಿನವರ ಸೊಂಟವೆಲ್ಲ ನನ್ನ ಕೈಯಲ್ಲಿ ಹಾದುಹೋಗಿದೆ! ಲೇ, ತಾರೇ ಟೇಪು! ನನ್ನದು ಇವರಿಗಿಂತ ಕಮ್ಮಿ ಬಂದ್ರೆ ನಾಳೆಯಿಂದ ಈ ಗೇಟಿನ ಹತ್ತಿರ ಇವರು ಸುಳಿಯಬಾರದು. ಜಾಸ್ತಿ ಬಂದ್ರೆ ಬದುಕಿರೋವರೆಗೂ ಇವರ ಹಿಂದೆ ನಡೀತೀನಿ!”

“ರೀ, ಪಂದ್ಯಗಿಂದ್ಯ ಬೇಡ. ಕಾಫಿ ಆರ್ತಿದೆ,” ಎಂದಳು ಹೆಂಡತಿ.

“ತಾ ಅಂದ್ರೆ ತಾ!”

ಮಾಸ್ಟರು ತಾವೇ ಡಾಕ್ಟರ ಸೊಂಟ ಅಳೆದು, ಬೀದಿಗೆಲ್ಲ ಕೇಳುವ ಹಾಗೆ ಅಳತೆ ಕೂಗಿದರು. ಆಮೇಲೆ ಉಸಿರೆಳೆದು, ಹೊಟ್ಟೆಯನ್ನು ಎದೆಯವರೆಗೆ ಏರಿಸಿ, ಯುದ್ಧಕ್ಕೆ ಹೊರಟ ಸೇನಾಪತಿಯ ಹಾಗೆ ನಿಂತರು. ಹೆಂಡತಿ ಟೇಪು ಸುತ್ತಿದಳು. ಡಾಕ್ಟರ ಅಳತೆಯ ಗುರುತು ದಾಟಿ ಟೇಪು ಇನ್ನೂ ಮುಂದೆ ಹೋಯಿತು.

“ನಿಮ್ಮ ಪ್ಯಾಂಟು ಕತ್ತರಿಸೋಳು ನಾನು,” ಎಂದಳು ಆಕೆ ತಲೆ ತಗ್ಗಿಸಿ. “ಪ್ರತಿ ಸಲ ಸ್ವಲ್ಪ ಹೆಚ್ಚಿಗೆ ಬಟ್ಟೆ ಬಿಟ್ಟು ಕತ್ತರಿಸ್ತಿದ್ದೆ. ಬಾಯಲ್ಲಿ ಮಾತ್ರ ಮದುವೆ ದಿನದ ಅಳತೇನೇ ಹೇಳ್ತಿದ್ದೆ. ನಿಜ ಹೇಳಿದ್ರೆ ಮನೇಲಿ ಯಾರಿಗೆ ನೆಮ್ಮದಿ ಇರ್ತಿತ್ತು?”

“ಇಷ್ಟು ವರ್ಷ... ನನಗೆ... ಮೋಸ...” ಮಾಸ್ಟರು ಬಿಗಿಹಿಡಿದ ಉಸಿರಿನಲ್ಲೇ ಗುಡುಗಲು ಹವಣಿಸಿದರು.

“ಆಮೇಲೆ ಬೈಯುವಿರಂತೆ,” ಎಂದಳು ಆಕೆ, ಟೇಪನ್ನು ಸಡಿಲಿಸಿ ಹಿಡಿಯುತ್ತ. “ಮೊದಲು ಉಸಿರು ಬಿಡಿ. ಅಳತೆ ಇನ್ನೂ ಮುಗಿದಿಲ್ಲ.”