ಯಾದಗಿರಿಯ ಜಾಝ್ ಮಾಸ್ತರ

ಗಿಟಾರ್ ಹೆಗಲಿಗೆ ಹಾಕಿಕೊಂಡು ಮನೆ ಬಿಟ್ಟ ದಿನ ನನಗೆ ಏನಾದರೊಂದು ಆಗದೆ ಇರುವುದಿಲ್ಲ. ಮೊನ್ನೆ ಸುರಪುರದ ಬಸ್ಸಿನಲ್ಲಿ ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ಒಳಗ ಏನದರಿ?" ಎಂದ. ಗಿಟಾರ್ ಎಂದೆ.

"ಬಾರಸ್ತೀರೇನು?"

"ಮೂವತ್ತು ವರ್ಷ ಆತು."

ಅವನು ಟಿಕೆಟ್ ಹರಿದು ಕೊಡುತ್ತ, ತಂಬಾಕು ತಿನ್ನುವವರನ್ನು ಕೇಳುವ ಧ್ವನಿಯಲ್ಲಿ, "ಬಿಡಾಕ ಆಗವಲ್ತೇನ್ರಿ?" ಎಂದ.

ಬಿಡಲು ಆಗಿಲ್ಲ. ನಾನು ಸುರಪುರದ ಕಿರಾಣಿ ಅಂಗಡಿಯವರ ಮಗ. ಓದಲೆಂದು ಹೈದರಾಬಾದಿಗೆ ಹೋಗಿ, ಓದುವುದು ಬಿಟ್ಟು, ಒಂದು ಹೋಟೆಲಿನ ಬ್ಯಾಂಡಿನಲ್ಲಿ ಜಾಝ್ ಕಲಿತೆ. ಆಮೇಲೆ ಬಿಟ್ಟ ಓದು ಮುಗಿಸಿ ಯಾದಗಿರಿಗೆ ಬಂದು ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಮಾಸ್ತರನಾದೆ. ಜಾಝ್ ಎಂದರೆ ಏನೆಂದು ಕೇಳಿದವರಿಗೆ ಹೇಳುತ್ತೇನೆ: ಮೊದಲು ಹಾಡು ಬಾರಿಸಬೇಕು, ಆಮೇಲೆ ಅದನ್ನು ಬಿಟ್ಟು ಮನಸ್ಸು ಬಂದ ಕಡೆ ತಿರುಗಾಡಬೇಕು, ಕೊನೆಗೆ ಮತ್ತೆ ಹಾಡಿಗೆ ಬಂದು ಸೇರಬೇಕು. ನಮ್ಮ ತಾಯಿ ಇದನ್ನು ಕೇಳಿ, "ಅಂಗಡಿಗಿ ಕಳಿಸಿದ್ರ ಸಣ್ಣಾಂವ ಇದ್ದಾಗೂ ಹಂಗs ಮಾಡ್ತಿದ್ದಿ" ಎಂದಿದ್ದಳು.

ಧೈರ್ಯದ ಪಾಠ

ಕೆಲಸಕ್ಕೆ ಸೇರಿದ ವರ್ಷ ನನಗೆ ನಾಲ್ಕು ಜನ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬ ಬರುತ್ತಿದ್ದದ್ದು ನಮ್ಮ ಕೋಣೆಯ ಫ್ಯಾನು ಚೆನ್ನಾಗಿ ತಿರುಗುತ್ತದೆಂದು. ಮೊದಲ ದಿನವೇ ಭಾಷಣ ಬಿಗಿದೆ: "ಜಾಝ್‌ನಲ್ಲಿ ತಪ್ಪು ಸ್ವರ ಅಂತ ಇಲ್ಲ. ಕೈ ತಪ್ಪಿದರೆ ಹೆದರಬೇಡಿ. ಅದೇ ತಪ್ಪನ್ನು ಇನ್ನೊಂದು ಸಲ ಧೈರ್ಯವಾಗಿ ಬಾರಿಸಿ. ಕೇಳುವವರು, ಬೇಕಂತಲೇ ಬಾರಿಸಿದ ಅಂದುಕೊಳ್ಳುತ್ತಾರೆ."

ಇಡೀ ವರ್ಷದಲ್ಲಿ ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇದೊಂದೇ ಮಾತು.

ಪರೀಕ್ಷೆಯಲ್ಲಿ, ಯಾರೂ ಫೇಲಾಗಬಾರದೆಂದು, ಗಿಟಾರಿಗೆ ತಂತಿ ಎಷ್ಟು ಎಂದು ಕೇಳಿದ್ದೆ. ಒಬ್ಬ ಹುಡುಗಿ "ಎಂಟು" ಎಂದು ಬರೆದಿದ್ದಳು. ಕೆಳಗಿನ ಸಾಲಿನಲ್ಲಿ ಇನ್ನೂ ದಪ್ಪ ಅಕ್ಷರದಲ್ಲಿ ಮತ್ತೆ "ಎಂಟು". ಸೊನ್ನೆ ಹಾಕಿದೆ. ಮಾರನೆಯ ದಿನ ಉತ್ತರಪತ್ರಿಕೆ ಹಿಡಿದು ಬಂದಳು.

"ಸರ್, ಒಂದು ಸಲ ತಪ್ಪ ಬರದವ್ರಿಗೆ ಸೊನ್ನಿ ಕೊಡ್ರಿ. ನಾ ಎರಡು ಸಲ ಬರದೀನಿ, ಧೈರ್ಯಲೆ."

ನನ್ನ ಮಾತು ನನಗೇ ತಿರುಗಿ ಬಂದಿತ್ತು. ಅರ್ಧ ಅಂಕ ಕೊಟ್ಟು ಕಳಿಸಿದೆ. ಈಗ ಅವಳು ಶಹಾಪುರದ ಕಡೆ ಶಾಲೆಯೊಂದರಲ್ಲಿ ಟೀಚರ್. ಎದುರಿಗೆ ಸಿಕ್ಕರೆ ಕಾಲಿಗೆ ನಮಸ್ಕಾರ ಮಾಡುತ್ತಾಳೆ. ಮಕ್ಕಳಿಗೆ ಏನು ಕಲಿಸುತ್ತೀ ಎಂದು ಕೇಳಿದೆ. ಗಣಿತ ಎಂದಳು.

ಚಪ್ಪಾಳೆ

ಶಹಾಪುರದಲ್ಲೊಂದು ಸಮಾರಂಭ. ಮೇ ತಿಂಗಳ ಮಧ್ಯಾಹ್ನ, ತಗಡಿನ ಸೂರಿನ ಸಭಾಂಗಣ. ಬಾರಿಸುವಾಗ ನಾನು ಕಣ್ಣು ಮುಚ್ಚುತ್ತೇನೆ. ಭಾವ ಬರುತ್ತದೆ ಎಂದು ಹೇಳಿಕೊಳ್ಳುವುದು, ನಿಜವಾಗಿ ಜನ ಎದ್ದು ಹೋಗುವುದು ಕಾಣಬಾರದೆಂದು. ಅವತ್ತು ಮಾತ್ರ ಕೈ ಎಂದೂ ಓಡದ ಹಾಗೆ ಓಡಿತು. ಸಭೆ ಅಷ್ಟು ನಿಶ್ಶಬ್ದವಾಗಿ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಒಮ್ಮೆಲೇ ಚಪ್ಪಾಳೆ, ಸಿಳ್ಳೆ. ಕಣ್ಣು ತೆರೆದು, ಎದ್ದು, ಎದೆಯ ಮೇಲೆ ಕೈಯಿಟ್ಟು ಬಾಗಿದೆ.

ಮೈಕಿನವ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಕರೆಂಟ್ ಹೋಗಿ ಹತ್ತು ಮಿನಿಟ್ ಆಗಿತ್ರಿ. ನಿಮ್ಮ ಗಿಟಾರ್ ಯಾರಿಗೂ ಕೇಳಿಲ್ಲ. ಈಗ ಬಂತು ನೋಡ್ರಿ, ಫ್ಯಾನ್ ತಿರುಗಿದ್ವು."

ಬೋನಾಳದ ರಸಿಕ

ನನ್ನ ಹೆಂಡತಿಯ ತವರು ಬೋನಾಳದ ಕೆರೆಯ ಹತ್ತಿರದ ಹಳ್ಳಿ. ಒಂದು ಸಂಕ್ರಾಂತಿ ರಜೆಯಲ್ಲಿ ಅಲ್ಲಿದ್ದೆವು. ಮನೆಯಲ್ಲಿ ಬಾರಿಸಿದರೆ ಅತ್ತೆ, "ಅಳಿಯಂದಿರಿಗಿ ಗಾಳಿ ಬೇಕಂತ ಕಾಣ್ತದ, ಹೊರಗ ಹೋಗಿ ಬರ್ಲಿ" ಎಂದು ಮಗಳ ಕೈಲಿ ಹೇಳಿಸುತ್ತಿದ್ದರು. ಹಾಗಾಗಿ ಕೆರೆಯ ಈಚೆ ಕಡೆಯ ಒಂದು ಜೋಳದ ಹೊಲದ ಬದುವಿಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತು ಅಭ್ಯಾಸ ಮಾಡುತ್ತಿದ್ದೆ.

ಮೊದಲ ದಿನ ಹೊಲದ ಯಜಮಾನ ದೂರದಿಂದ ನೋಡಿದ. ಎರಡನೆಯ ದಿನ ಹತ್ತಿರ ಬಂದು ಕೂತ. ಮೂರನೆಯ ದಿನ ಕಂಬಳಿ ಹಾಸಿ ಕಣ್ಣು ಮುಚ್ಚಿ ಕೇಳಿದ. ಹೈದರಾಬಾದಿನಲ್ಲೂ ಸಿಗದ ರಸಿಕ ಇಲ್ಲಿ ಸಿಕ್ಕನಲ್ಲ ಎಂದು ಅವತ್ತು ಇನ್ನೆರಡು ಹಾಡು ಹೆಚ್ಚಿಗೆ ಬಾರಿಸಿದೆ. ನಾಲ್ಕನೆಯ ದಿನ ಅವನು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಸಿಕೊಂಡು ಬಂದಿದ್ದ.

"ಮಾಸ್ತರ್ರ, ಇನ್ನ ಎಷ್ಟು ದಿನ ಇರ್ತೀರಿ?"

"ನಾಳೆ ಹೋಗ್ತೀವಿ. ಕ್ಲಾಸ್ ಚಾಲೂ ಆಗ್ತಾವ."

ಅವನ ಮುಖ ಬಾಡಿತು. "ಇನ್ನೊಂದು ವಾರ ಇದ್ದಿದ್ರ ಛಲೋ ಇತ್ರಿ. ಜ್ವಾಳ ಕೊಯ್ಯೋತನಕ."

"ನನ್ನ ಬಾರಿಸೋದು ಅಷ್ಟು ಮನಸಿಗೆ ಬಂತೇನು?"

"ನನಗೇನ್ ತಿಳೀತದರಿ," ಎಂದ, "ಹಕ್ಕಿಗಿ ತಿಳದದ. ಕೆರಿ ಕಡಿಂದ ಹಿಂಡ ಹಿಂಡ ಬರ್ತಾವ, ನೀವು ಸುರು ಮಾಡಿದ ಕೂಡ್ಲೇ ಹೊಳ್ಳಿ ಹೋಗ್ತಾವ. ಕವಣಿ ಬೀಸಿ ಬೀಸಿ ನನ್ನ ರಟ್ಟಿ ಸೋತಿದ್ವು. ನೀವು ಬಂದಾಗಿಂದ ಕವಣಿ ಮುಟ್ಟಿಲ್ಲ ನೋಡ್ರಿ, ಕಣ್ತುಂಬ ನಿದ್ದಿ."

ಬಾಯಲ್ಲಿದ್ದ ರೊಟ್ಟಿ ನುಂಗಿ ಮುಗಿಸಿದೆ. ನಾನು ಮತ್ತೆ ಗಿಟಾರ್ ಎತ್ತಿಕೊಂಡಾಗ ಅವನು ಇನ್ನೊಂದು ಮಾತು ಸೇರಿಸಿದ: "ಸ್ವಲ್ಪ ಆ ಕಡಿ ಹೊಳ್ಳಿ ಕೂಡ್ರಿ. ಬಾಜೂ ಹೊಲದಾಂವ ಜಗಳಕ್ಕ ಬಂದಿದ್ದ, ಹಕ್ಕಿ ಎಲ್ಲಾ ಅವನ ಕಡಿ ಹೊಂಟಾವಂತ."

ಸಮಿತಿ ಬಂದ ದಿನ

ನಮ್ಮ ವಿಭಾಗದ ಪಾಶ್ಚಾತ್ಯ ಸಂಗೀತದ ಕೋರ್ಸ್ ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಲು ಒಂದು ವರ್ಷ ಹೊರಗಿನಿಂದ ಮೂರು ಜನರ ಸಮಿತಿ ಬಂತು. ಮುಚ್ಚಿದರೆ ನನ್ನನ್ನು ಪರೀಕ್ಷಾ ವಿಭಾಗದಲ್ಲಿ ಅಂಕಪಟ್ಟಿ ಜೋಡಿಸಲು ಕೂರಿಸುತ್ತಾರೆಂದು ಸುದ್ದಿ. ವಾರವಿಡೀ ನನಗೆ ಊಟ ರುಚಿಸಲಿಲ್ಲ. ವಿದ್ಯಾರ್ಥಿಗಳ ಜೊತೆ ಬಾರಿಸಿ ತೋರಿಸಬೇಕಿತ್ತು. ಅವತ್ತೇ ಬೆಳಿಗ್ಗೆ ಡ್ರಮ್ ಬಾರಿಸುವ ವಿದ್ಯಾರ್ಥಿ ಮಾವನ ಮದುವೆಗೆಂದು ಗುರುಮಠಕಲ್‌ಗೆ ಹೋಗಿ ಫೋನ್ ಬಂದ್ ಮಾಡಿಕೊಂಡ. ಉಳಿದಿಬ್ಬರು ಆ ಸುದ್ದಿ ಕೇಳಿ ಗಾಬರಿಯಾಗಿ ಕ್ಯಾಂಟೀನ್ ಸೇರಿದರು.

ನಮ್ಮ ಅಟೆಂಡರ್ ಹತ್ತಿಕುಣಿ ಊರಿನವರು, ನಿವೃತ್ತಿಗೆ ಎರಡು ವರ್ಷ ಇತ್ತು. ಕುರಿ ಸಾಕುವ ಮನೆತನ, ಸಣ್ಣಂದಿನಿಂದ ಡೊಳ್ಳು ಬಾರಿಸಿದ ಕೈ. ನನ್ನ ಪರದಾಟ ನೋಡಿ, "ನಾ ಕೂಡ್ಲೇನ್ರಿ ಸರ್?" ಎಂದರು. ಬೇರೆ ದಾರಿ ಇರಲಿಲ್ಲ. ಅವರು ಡ್ರಮ್ ಸೆಟ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟೆಲ್ಲ ಯಾಕ್ರಿ, ಒಂದು ಸಾಕು" ಎಂದು ದೊಡ್ಡದೊಂದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಮೂಲೆಗೆ ಸರಿಸಿದರು.

ಸಮಿತಿ ಬರುವ ದಿನವೆಂದು ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲೊಂದು ಜಾಕೀಟು ಹಾಕಿದ್ದರು. ನಾನು, ಹೆಂಡತಿ ಬೇಡವೆಂದರೂ, ಕಲಾವಿದನಂತೆ ಕಾಣಲಿ ಎಂದು ಕಪ್ಪು ಟೀ ಶರ್ಟಿನಲ್ಲಿದ್ದೆ.

ಸಮಿತಿ ಬಂದು ಕೂತ ಕೂಡಲೇ, ಪರಿಚಯ ಹೇಳುವುದನ್ನೂ ಮರೆತು ಸುರು ಮಾಡಿದೆವು. ಹೆದರಿಕೆಗೆ ನನ್ನ ಲಯ ಓಡತೊಡಗಿತು. ಅಟೆಂಡರ್ ಎಲ್ಲರಿಗೂ ಕೇಳುವ ಹಾಗೆ, "ಓಡಬ್ಯಾಡ್ರಿ. ಸಾವಕಾಶ. ನನ್ನ ಕಾಲ ನೋಡ್ರಿ" ಎಂದರು. ತಾಳ ಹಾಕುತ್ತಿದ್ದ ಅವರ ಕಾಲು ನೋಡುತ್ತ ಬಾರಿಸಿದೆ. ನಡುವೆ ಎಲ್ಲೋ ಸುತ್ತಾಡಲು ಹೋಗಿ ದಾರಿ ತಪ್ಪಿದೆ. ಅವರು ಒಂದೇ ಪೆಟ್ಟು ಹಾಕುತ್ತ ಕಾದರು. ನಾನು ಹೇಗೋ ಹಾಡಿಗೆ ಬಂದು ಸೇರಿದಾಗ, "ಹಾಂ, ಈಗ ಬಂದ್ರಿ" ಎಂದರು. ಸಮಿತಿಯ ಮೂವರೂ ತಲೆದೂಗಿದರು.

ಮುಗಿದ ಮೇಲೆ ನಾನು ಬಗ್ಗಿ ವೈರು ಸುತ್ತುತ್ತಿದ್ದೆ. ಸಮಿತಿಯ ಅಧ್ಯಕ್ಷರು ಅಟೆಂಡರ್ ಕೈ ಹಿಡಿದು ಕುಲುಕಿ, "ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ?" ಎಂದು ಕೇಳುವುದು ಕಿವಿಗೆ ಬಿತ್ತು.

"ಇಪ್ಪತ್ತಾರು ವರ್ಷ ಆತ್ರಿ. ಮುಂಜಾನಿ ವಿಭಾಗ ತೆಗಿಯಾಂವ ನಾನs, ಸಂಜಿಗಿ ಮುಚ್ಚಾಂವ ನಾನs."

"ಹಾಗಾದರೆ ವಿಭಾಗ ನಡೆದಿರೋದೇ ನಿಮ್ಮಿಂದ."

"ಹಂಗs ಅನ್ರಿ."

ತಿಂಗಳ ಮೇಲೆ ವರದಿ ಬಂತು. ಕುಲಸಚಿವರು ಎಲ್ಲ ಮಾಸ್ತರರನ್ನೂ ಸೇರಿಸಿ ಓದಿದರು. ಕೋರ್ಸ್ ಮುಂದುವರಿಸಬಹುದು ಎಂದಿತ್ತು. ನನಗೆ ಉಸಿರು ಬಂತು. ಅವರು ಮುಂದೆ ಓದಿದರು: "ವಿಭಾಗದ ಹಿರಿಯ ಪ್ರಾಧ್ಯಾಪಕರ ತಾಳಜ್ಞಾನ ಅಪರೂಪದ್ದು, ಕಲಿಸುವ ತಾಳ್ಮೆ ಅದಕ್ಕಿಂತ ದೊಡ್ಡದು. ಗಿಟಾರ್ ನುಡಿಸಿದ ವಿದ್ಯಾರ್ಥಿಗೆ ವಯಸ್ಸು ಮೀರಿದೆಯಾದರೂ ಕಲಿಯುವ ಆಸೆ ಇದೆ. ಪ್ರಾಧ್ಯಾಪಕರು ಅವನ ಕಡೆ ವಿಶೇಷ ಗಮನ ಕೊಡತಕ್ಕದ್ದು."

ಕೋಣೆಯಲ್ಲಿ ನಗು ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ಚಹಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಮಾತ್ರ ನಗಲಿಲ್ಲ. ಸೀದಾ ನನ್ನ ಹತ್ತಿರ ಬಂದು, ಮೊದಲ ಕಪ್ಪು ನನ್ನ ಕೈಗಿಟ್ಟು, ಮೆಲ್ಲಗೆ ಸಮಾಧಾನ ಹೇಳಿದರು:

"ಮನಸಿಗಿ ಹಚ್ಕೋಬ್ಯಾಡ್ರಿ ಸರ್. ಫೇಲ್ ಅಂತೂ ಮಾಡಿಲ್ಲಲ್ರಿ ನಿಮಗ."