ಕಥೆಯಿಲ್ಲದ ಮಾಟ

ಮಾಟ-ಮಂತ್ರಗಳನ್ನು ನಂಬುವುದಿಲ್ಲ ಎಂದು ಹಾಡುಹಗಲಲ್ಲಿ, ನಾಲ್ಕು ಜನರ ನಡುವೆ ಹೇಳಿಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ. ವಿಜಯಪುರದ ಸ್ಟೇಷನ್ ರಸ್ತೆಯ ನನ್ನ ಬಟ್ಟೆ ಅಂಗಡಿಯಲ್ಲಿ ಕುಳಿತು ನಾನು ಎಷ್ಟೋ ಸಲ ಹೇಳಿದ್ದೇನೆ. ಚಹಾ ನನ್ನದೇ ಆದ್ದರಿಂದ ಕೇಳಿದವರೂ ಹೌದೌದು ಎಂದಿದ್ದಾರೆ. ಈ ಧೈರ್ಯವನ್ನು ನಂಬಿಯೇ ಅಣ್ಣನ ಮಗಳು ವೈಶಾಲಿ ತನ್ನ ಸಿನಿಮಾಕ್ಕೆ ತಿಕೋಟಾದ ನಮ್ಮ ದ್ರಾಕ್ಷಿ ತೋಟ ಕೇಳಿದಳು. ಪುಣೆಯಲ್ಲಿ ಸಿನಿಮಾ ಕಲಿತು ಬಂದ ಹುಡುಗಿ. ಬಾನಾಮತಿ ಮಾಟದ ಮೇಲೆ ಚಿತ್ರ ಅಂದಳು. ಕಥೆ ಏನವ್ವ ಅಂದೆ.

“ಕತಿ ಇಲ್ಲ ಕಾಕಾ, ಬರೇ ದೃಶ್ಯ. ನೋಡಿದವ್ರ ಎದಿಯಾಗ ಅಂಜಿಕಿ ಹುಟ್ಟಿದ್ರ ಸಾಕು.”

ನನಗೆ ತಿಳಿಯಲಿಲ್ಲ. ಹಾಗೆಂದರೆ ಹಳೇ ಕಾಲದವನಾಗುತ್ತೇನೆಂದು ತಲೆಯಾಡಿಸಿದೆ. ಹೀಗೆ ತಲೆಯಾಡಿಸುತ್ತಲೇ ಒಮ್ಮೆ ಬಬಲೇಶ್ವರದ ಬೀಗರ ಮನೆಯಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು, ಮರುದಿನ ಏಳಲಾಗದೆ ಅಲ್ಲೇ ಉಳಿದಿದ್ದೆ. ಬುದ್ಧಿ ಬರಲಿಲ್ಲ.

ಹಣ್ಣು ಕೊಯ್ಯುವ ದಿನ ಬೆಳಿಗ್ಗೆ ಮುಗಿಲು ಕಪ್ಪಾಗಿತ್ತು. ಮಾಗಿದ ದ್ರಾಕ್ಷಿಯ ಮೇಲೆ ಮಳೆ ಬಿದ್ದರೆ ಹಣ್ಣು ಒಡೆದು ಕೊಳೆಯುತ್ತದೆ. ವರ್ಷವಿಡೀ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸಾರವಾಡದಿಂದ ಕಾಶವ್ವ ತನ್ನ ಕೂಲಿ ಗುಂಪಿನ ಹೆಣ್ಣುಮಕ್ಕಳನ್ನು ಟಂಟಂ ಗಾಡಿಯಲ್ಲಿ ಕರೆತಂದಳು. ಇಳಿದವರೆಲ್ಲ ತೋಟದ ಬಾಗಿಲಲ್ಲೇ ಗಕ್ಕನೆ ನಿಂತರು. ತಂತಿಯುದ್ದಕ್ಕೂ ಮೊಳೆ ಚುಚ್ಚಿದ ನಿಂಬೆಹಣ್ಣು, ಕರಿ ಅರಿವೆಯ ಗೊಂಬೆ, ಬಳ್ಳಿಗಳ ಬುಡಕ್ಕೆ ಸುರಿದ ಕುಂಕುಮ. ಹಿಂದಿನ ದಿನದ ಚಿತ್ರೀಕರಣ ಮುಗಿದರೂ ವೈಶಾಲಿ ಏನನ್ನೂ ತೆಗೆದಿರಲಿಲ್ಲ. ಅವಳಿಗೆ ಈ ಕಪ್ಪು ಮುಗಿಲೂ ಬೇಕಿತ್ತಂತೆ.

“ಗಾಡಿ ತಿರುವಪಾ,” ಅಂದಳು ಕಾಶವ್ವ ಟಂಟಂನವನಿಗೆ.

“ಅದು ಸಿನಿಮಾದ್ದು ಬೇ ಯವ್ವಾ!” ಎಂದು ಅಡ್ಡ ನಿಂತೆ. ವೈಶಾಲಿ ಓಡಿಹೋಗಿ ನಿಂಬೆಹಣ್ಣುಗಳನ್ನು ಕಿತ್ತಳು. ಅದು ಇನ್ನೂ ಕೆಟ್ಟದ್ದಾಯಿತು. ಮಾಟವನ್ನು ಬರಿಗೈಯಲ್ಲಿ ಮುಟ್ಟುವವರು ಮಾಡಿದವರೇ ಇರಬೇಕಲ್ಲ! ಕೊನೆಗೆ ಕ್ಯಾಮೆರಾದಲ್ಲಿ ಚಿತ್ರ ತೋರಿಸಿದಳು. ಹೊಗೆ, ಒಂದು ಪಾದ, ಬಹಳ ಹೊತ್ತು ಒಂದು ಕಾಗೆ, ಮತ್ತೆ ಹೊಗೆ.

“ಸಿನಿಮಾ ಆದ್ರ ಕತಿ ಇರಬೇಕಲ್ರಿ. ಕತಿ ಹೇಳ್ರಿ,” ಅಂದಳು ಕಾಶವ್ವ.

“ಕತಿ ಇಲ್ಲಬೇ, ಬರೇ ದೃಶ್ಯ,” ಅಂದಳು ಸುಳ್ಳು ಹೇಳಲು ಬಾರದ ನಮ್ಮ ಹುಡುಗಿ.

“ಕೇಳಿದ್ರಲ್ಲಾ? ಕತಿ ಇಲ್ಲಂತ. ಹಂಗಾರ ಇದು ಖರೇನ ಮಾಟ!” ಅಂದಳು ಕಾಶವ್ವ ತನ್ನವರಿಗೆ.

ಹೆಂಗಸರು ಟಂಟಂ ಹತ್ತತೊಡಗಿದರು. ಮುಗಿಲಿಗೆ ಹೆದರಿ ಅಂದು ತಿಕೋಟಾದ ಎಲ್ಲ ತೋಟಗಳಲ್ಲೂ ಕೊಯ್ಲು. ಬೇರೆ ಆಳು ಎಲ್ಲಿಂದ ತರಲಿ? ದೂರದಲ್ಲಿ ಗುಡುಗಿತು. “ಕತಿ ಐತಿ!” ಎಂದು ಕೂಗಿದೆ. “ಆಕಿಗೆ ಹೇಳಾಕ ಬರಂಗಿಲ್ಲ. ನಾ ಹೇಳ್ತೀನಿ, ಕೊಯ್ಕೋಂತ ಕೇಳ್ರಿ!”

ಹುಟ್ಟಿದಾಗಿನಿಂದ ನಾನು ಕಟ್ಟಿದ ಕಥೆಯೆಂದರೆ ಗಿರಾಕಿಗಳಿಗೆ ಹೇಳುವ ‘ಈ ಬಣ್ಣ ಹೋಗುವುದಿಲ್ಲ’ ಎಂಬುದೊಂದೇ. ಆದರೂ ಶುರು ಮಾಡಿದೆ. ಒಂದು ದ್ರಾಕ್ಷಿ ತೋಟ, ಅದಕ್ಕೊಬ್ಬ ಮಾಲಕ, ಅವನ ಮೇಲೆ ಯಾರೋ ಮಾಟ ಮಾಡಿಸಿದ್ದಾರೆ. ಕತ್ತರಿಗಳು ಆಡತೊಡಗಿದವು. ನನ್ನ ಕಥೆ ನಿಂತರೆ ಕತ್ತರಿಗಳೂ ನಿಲ್ಲುತ್ತಿದ್ದವು. ಹೀಗಾಗಿ ಮಾಲಕನಿಗೆ ಜ್ವರ ಬಂತು, ಬಾವಿಯಲ್ಲಿ ಕೂದಲು ತೇಲಿತು, ಎಮ್ಮೆ ಹಾಲಿನ ಬದಲು ರಕ್ತ ಕೊಟ್ಟಿತು. ವೈಶಾಲಿ ಬೆನ್ನಹಿಂದೆಯೇ ಬಂದು, “ಕಾಕಾ, ನನ್ನ ಸಿನಿಮಾ ಹಾಳ ಮಾಡಾಕತ್ತಿ ನೋಡು,” ಎಂದು ಗೊಣಗುತ್ತಿದ್ದಳು. ನನ್ನ ಒಂದು ಕಣ್ಣು ಮುಗಿಲ ಮೇಲೆ, ಒಂದು ಕಣ್ಣು ಉಳಿದ ಗೊಂಚಲುಗಳ ಮೇಲೆ.

ಕೊನೆಯ ಸಾಲಿಗೆ ಬಂದಾಗ, ಪಾಪ ಮಾಲಕನನ್ನು ಉಳಿಸೋಣವೆಂದು ಕಥೆಯೊಳಕ್ಕೆ ಒಬ್ಬ ಮಂತ್ರವಾದಿಯನ್ನು ಕರೆತಂದೆ. ಕಾಶವ್ವ ಕತ್ತರಿ ಕೆಳಗಿಟ್ಟಳು.

“ಬ್ಯಾಡ್ರಿ ಸಾವಕಾರ್ರ. ಮಾಲಕ ಸಾಯಬೇಕು. ಇಲ್ಲಂದ್ರ ಕತಿಗೆ ರುಚಿ ಇಲ್ಲ.”

ಹೌದ್ರಿ, ಸಾಯ್ಲಿ, ಸಾಯ್ಲಿ ಎಂದು ಸುತ್ತಲಿಂದ ದನಿ ಎದ್ದಿತು. ಒಬ್ಬಳಾದರೂ ಇರಲಿ ಬಿಡ್ರಿ ಅನ್ನಬಾರದೆ? ನಿಜ ಹೇಳುತ್ತೇನೆ, ಬಹಳ ಬೇಜಾರಾಯಿತು. ಮುಗಿಲು ನೋಡಿದೆ, ಸಾಯಿಸಿಬಿಟ್ಟೆ. ಬಾಯಲ್ಲಿ ನೊರೆ ಬರಿಸಿ, ಬಳ್ಳಿಯ ಬುಡದಲ್ಲಿ ಹೊರಳಾಡಿಸಿ. ಏನು ಹುರುಪು ಅಂತೀರಿ ಅವರಿಗೆ! ಕೊನೆಯ ಕ್ರೇಟು ಶೆಡ್ಡು ಸೇರುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು.

ಹೋಗುವಾಗ ಕಾಶವ್ವ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿ, “ಭಾಳ ಚಂದ ಸತ್ರಿ ಸಾವಕಾರ್ರ,” ಅಂದಳು.

ಮನೆಗೆ ಬಂದವನೇ ಹೆಂಡತಿಯನ್ನು ಕರೆದು, ಉಪ್ಪು-ಮೆಣಸಿನಕಾಯಿ ಇಳಿಸಿ ನನ್ನ ದೃಷ್ಟಿ ತೆಗೆ ಎಂದೆ.

“ಇದನ್ನೆಲ್ಲಾ ನಂಬಂಗಿಲ್ಲ ಅಂತಿದ್ರಿ?”

“ಈಗೂ ನಂಬಂಗಿಲ್ಲ,” ಅಂದೆ. “ಲಗೂ ಇಳಸು.”