ಬಾನೆಟ್ಟಿಗೆ ಎರಡು ಪಿನ್ನು

ನನಗೆ ಆಗುವ ಫಜೀತಿಗಳಿಗೆ ಒಂದು ಶಿಸ್ತಿದೆ. ಒಬ್ಬನೇ ಇದ್ದಾಗ ಅವು ಬರುವುದಿಲ್ಲ. ಹಗಲು ಹೊತ್ತು ನೋಡಿಕೊಂಡು, ನಾಲ್ಕು ಜನ ಸೇರಿದ್ದಾರೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಬರುತ್ತವೆ. ಚಿತ್ರದುರ್ಗದಲ್ಲಿ ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿದ್ದೇನೆ. ಊರಿನ ಅರ್ಧ ಜನ ನನ್ನ ಫಜೀತಿಗಳನ್ನು ನಾನೇ ಕೊಟ್ಟ ಗಾಜಿನಲ್ಲಿ ಸ್ಪಷ್ಟವಾಗಿ ನೋಡಿದ್ದಾರೆ.

ಈಚಿನವೆಲ್ಲ ಒಂದು ಕಾರಿನ ಸುತ್ತ ಆದವು. ಅಮೆರಿಕದ ಹಳೆ ಕಾರು. ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್ನು, ನಾಲ್ಕು ಜನ ಸುತ್ತ ಕೂತು ಊಟ ಮಾಡಬಹುದಾದಷ್ಟು ದೊಡ್ಡ ಬಾನೆಟ್ಟು. ಇಂಥದ್ದಕ್ಕೆ ಮಸಲ್ ಕಾರ್ ಅನ್ನುತ್ತಾರೆ. ಹೊಳಲ್ಕೆರೆ ಕಡೆಯ ಗಣಿ ಸಾಹುಕಾರರೊಬ್ಬರು ಯಾವ ಕಾಲದಲ್ಲೋ ತರಿಸಿದ್ದರು. ನಾನು ಏಳೆಂಟು ವರ್ಷದವನಿದ್ದಾಗ ಅದು ನಮ್ಮ ಬೀದಿಯಲ್ಲಿ ಹಾದುಹೋಯಿತು. ಮೊದಲು ಸದ್ದು ಬಂತು, ಆಮೇಲೆ ನೀಲಿ ಬಣ್ಣ ಬಂತು, ಎರಡೂ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅಂದಿನಿಂದ ನನ್ನ ಕನಸಿನಲ್ಲಿ ಓಡಿದ್ದು ಅದೊಂದೇ ಕಾರು. ಕನಸಿನಲ್ಲಿ ಅದಕ್ಕೆ ರಸ್ತೆ ಬೇಕಿರಲಿಲ್ಲ. ಚಂದ್ರವಳ್ಳಿ ಕೆರೆಯ ನೀರಿನ ಮೇಲೆ ಮೋಡದ ನೆರಳು ಜಾರುವ ಹಾಗೆ ಜಾರಿಕೊಂಡು ಹೋಗುತ್ತಿತ್ತು.

ಸಾಹುಕಾರರ ಮಗ ಗೋಡೌನ್ ಖಾಲಿ ಮಾಡಿಸುವಾಗ, "ಈ ಕಬ್ಬಿಣ ಯಾರಿಗೆ ಬೇಕ್ರಿ?" ಅಂದರು. "ನನಗೆ" ಅಂದೆ. ಒಂದೂವರೆ ವರ್ಷ ಅದರ ಹೊಟ್ಟೆಯೊಳಗೇ ಕೈಯಿಟ್ಟುಕೊಂಡು ಕೂತೆ. ಕಡೆಗೆ ಅದು ಎದ್ದು ನಿಂತಿತು. ಬಾನೆಟ್ಟನ್ನು ಹಿಡಿದಿಡುವ ಕೊಂಡಿ ಮಾತ್ರ ಸವೆದಿತ್ತು. ಅಷ್ಟು ದೊಡ್ಡ ಕಾರಿನಲ್ಲಿ ಅಷ್ಟು ಚಿಕ್ಕ ಕೊಂಡಿ ಯಾವ ಲೆಕ್ಕ ಅಂತ ಬಿಟ್ಟಿದ್ದೆ.

ಆಕಾಶ ಹತ್ತಿರ ಬಂದದ್ದು

ಹಿರಿಯೂರಿನಲ್ಲಿ ನನ್ನ ನಾದಿನಿಯ ಮನೆ ಗೃಹಪ್ರವೇಶ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಗೆ ಇಳಿದೆ. ಬೆಳಗಿನ ಹೊತ್ತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು, ಯಾರೋ ಬಿಳಿ ಕೈ ಎತ್ತಿ ಎತ್ತಿ ಕರೆಯುತ್ತಿರುವ ಹಾಗೆ. ಎಂಜಿನ್ನು ಗುನುಗುತ್ತಿತ್ತು. ಹೆಂಡತಿಯ ಮುಡಿಯ ಮಲ್ಲಿಗೆ ಘಮ್ಮೆನ್ನುತ್ತಿತ್ತು. ನಾನು ಎಚ್ಚರವಾಗಿದ್ದೇನೋ ಹಳೆಯ ಕನಸಿನೊಳಗೆ ಇದ್ದೇನೋ ನನಗೇ ತಿಳಿಯದ ಹಾಗಾಯಿತು.

ಆಗ ಇದ್ದಕ್ಕಿದ್ದಂತೆ ಎದುರಿಗೆಲ್ಲ ನೀಲಿಯಾಯಿತು. ಆಹಾ, ಆಕಾಶ ಎಷ್ಟು ಹತ್ತಿರ ಬಂತು ಅಂದುಕೊಂಡೆ.

ಅದು ಆಕಾಶ ಅಲ್ಲ, ನಮ್ಮ ಬಾನೆಟ್ಟು. ಗಾಳಿಗೆ ಎದ್ದು, ಧಡ್ ಅಂತ ಗಾಜಿಗೆ ಒರಗಿ ನಿಂತಿತ್ತು. ಬ್ರೇಕಿನ ಮೇಲೆ ನಿಂತೆ. ಪಕ್ಕದ ಕಿಟಕಿಯಲ್ಲಿ ತಲೆ ಹೊರಗೆ ಹಾಕಿ, ಹಿಂದಿನ ಲಾರಿಯವನ ಹಾರ್ನು ಕೇಳುತ್ತಾ, ಹೇಗೋ ರಸ್ತೆ ಪಕ್ಕದ ಮಣ್ಣಿಗೆ ತಂದು ನಿಲ್ಲಿಸಿದೆ. ಲಾರಿಯವನು ಇಳಿದು ಬಂದು ನನ್ನ ಮುಖ ನೋಡಿ, ಬೈಯಲು ತಂದಿದ್ದನ್ನು ಬೈಯದೆಯೇ ವಾಪಸು ತೆಗೆದುಕೊಂಡು ಹೋದ.

ಹೆಂಡತಿ ಕೇಳಿದಳು, "ಅದು ಎದ್ದಾಗ ನಿಮಗೆ ಮುಂದಿಂದು ಏನಾದ್ರೂ ಕಾಣ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ ನಗ್ತಿದ್ರಿ?"

ಅವಳು ಸೀರೆ ನೆರಿಗೆ ಸರಿ ಮಾಡಿಕೊಂಡು ಕೆಳಗಿಳಿದಳು. "ಇದರ ಬಾಯಿ ಮುಚ್ಚಿಸೋ ತನಕ ನಾನು ಇದರಾಗೆ ಕೂರಲ್ಲ" ಅಂದಳು. ಹಿರಿಯೂರಿನ ಬಸ್ಸಿಗೆ ಕೈ ಮಾಡಿದಳು, ಹತ್ತಿದಳು, ಹೋದಳು. ನಾನು ರಸ್ತೆ ಪಕ್ಕ ನಿಂತಿದ್ದೆ. ಕನಸಿನಲ್ಲಿ ಆ ಪಕ್ಕದ ಸೀಟು ಯಾವತ್ತೂ ಖಾಲಿ ಇರಲಿಲ್ಲ ಅನ್ನುವುದು ನನಗೆ ಆಗಲೇ ನೆನಪಾಯಿತು.

ತೆಂಗಿನ ಹಗ್ಗ

ಬಾನೆಟ್ಟನ್ನು ಕೈಯಲ್ಲಿ ಒತ್ತಿ ಕೂರಿಸಿ, ಆಮೆಯ ಹಾಗೆ ಹೋಗಿ ಹಿರಿಯೂರು ಮುಟ್ಟಿದೆ. ಅಲ್ಲಿ ಒಬ್ಬ ತೆಂಗಿನಕಾಯಿ ವ್ಯಾಪಾರಿ ತನ್ನ ಮಂಡಿಯ ಮುಂದೆ ಕೂತಿದ್ದ. ನನ್ನ ಕಾರಿನ ಸುತ್ತ ಎರಡು ಸಲ ಬಂದ.

"ಏನು ಕಾರ್ರಿ ಇದು?"

"ಮಸಲ್ ಕಾರು."

"ಮೊಸಳೆ ಕಾರಾ? ಹೌದ್ಬಿಡ್ರಿ, ಬಾಯಿ ನೋಡಿದ್ರೇ ಗೊತ್ತಾಗ್ತೈತೆ."

ಅವನು ಒಳ್ಳೆಯ ಮನುಷ್ಯ. ಒಳಗಿನಿಂದ ತೆಂಗಿನ ನಾರಿನ ಹಗ್ಗ ತಂದು, ಬಾನೆಟ್ಟಿನ ಮೇಲೆ ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು ಬಿಗಿದು, ಕಾಲು ಕೊಟ್ಟು ಎಳೆದು ಗಂಟು ಹಾಕಿದ. "ಈಗ ಬಿರುಗಾಳಿ ಬಂದ್ರೂ ಏಳಲ್ಲ" ಅಂದ. ನಿಜ, ಏಳಲಿಲ್ಲ. ಆದರೆ ವಾಪಸು ಬರುವಾಗ ಎಂಜಿನ್ನು ಬಿಸಿಯಾಗಿ, ನೀರು ಹಾಕೋಣವೆಂದರೆ ಗಂಟು ಬಿಚ್ಚಲಿಲ್ಲ. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಹಗ್ಗದ ಸಂದಿಯಿಂದ ಹಬೆ ಏಳುವುದನ್ನು ನೋಡುತ್ತಾ ಕೂತೆ. ನೀಲಿ ತಗಡಿನ ಮೇಲೆ ಬಿಳಿ ಹಬೆ ಸುರುಳಿ ಸುರುಳಿಯಾಗಿ, ಜೋಗಿಮಟ್ಟಿಯ ಮೇಲೆ ಬೆಳಿಗ್ಗೆ ಮಂಜು ಏಳುವ ಹಾಗೆಯೇ ಇತ್ತು. ಬಹಳ ಚೆನ್ನಾಗಿತ್ತು.

ಒಬ್ಬ ಹೆಂಗಸು ಬುಟ್ಟಿ ಹೊತ್ತುಕೊಂಡು ಬಂದವಳು ನಿಂತು, ಹಗ್ಗ ನೋಡಿದಳು, ಹಬೆ ನೋಡಿದಳು.

"ಕಡುಬು ಬೆಂದವೇನಣ್ಣ?" ಅಂದಳು.

ಪಿನ್ ನಂಬರು

ಇಂಥ ಕಾರುಗಳಿಗೆ ಹುಡ್ ಪಿನ್ನು, ಅಂದರೆ ಬಾನೆಟ್ಟಿನ ಪಿನ್ನು, ಅಂತ ಇರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಕಾರಿನ ಮೂತಿಯ ಅಡ್ಡಪಟ್ಟಿಯಿಂದ ಬೆರಳು ದಪ್ಪದ ಎರಡು ಕಂಬಿ ಮೇಲಕ್ಕೆ ನಿಲ್ಲುತ್ತವೆ. ಬಾನೆಟ್ಟಿಗೆ ಎರಡು ತೂತು. ಮುಚ್ಚಿದಾಗ ಕಂಬಿಯ ತಲೆ ತೂತಿನಿಂದ ಹೊರಗೆ ಇಣುಕುತ್ತದೆ. ಆ ತಲೆಯ ಕಣ್ಣಿಗೆ ಅಡ್ಡಲಾಗಿ ಪಿನ್ನು ತೂರಿಸಿದರೆ ಆಯಿತು. ಬೇಕಾದಾಗ ಎಳೆದರೆ ಬಂತು. ನಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಗಿರಾಕಿಗಳು ತುಂಬಿದ್ದರು, ಸಹಜವಾಗಿಯೇ.

"ಪಿನ್ನು ಬೇಕಿತ್ತು" ಅಂದೆ.

ಅಂಗಡಿಯವರು ತಲೆ ಎತ್ತದೆ ಹೇಳಿದರು, "ಪಿನ್ನು ಯಾರ್ಗೂ ಹೇಳಬಾರ್ದು ಅಂತ ಬ್ಯಾಂಕಿನೋರು ದಿನಾ ಮೆಸೇಜ್ ಕಳಿಸ್ತಾರಲ್ರಿ."

"ಆ ಪಿನ್ನಲ್ಲ. ಬಾನೆಟ್ಟು ಹಾರದ ಹಾಗೆ ಚುಚ್ಚೋ ಪಿನ್ನು."

"ಬಾನೆಟ್ಟು ಅಂದ್ರೆ ಇಂಗ್ಲಿಷಿನಾಗೆ ಟೋಪಿ ಅಲ್ವೇನ್ರಿ? ಟೋಪಿ ಪಿನ್ನಾ?"

"ಕಾರಿನ ಬಾನೆಟ್ಟು!"

ಆಗ ತಲೆ ಎತ್ತಿದರು. ಹುಡುಕಿ, ಒಳಗಿನಿಂದ ಎರಡು ಥರದ್ದು ತಂದಿಟ್ಟರು. ಒಂದು ಫಳಫಳ ಹೊಳೆಯುವ ಲೇಪದ್ದು, ಇನ್ನೊಂದು ಹಗುರವಾದ ಅಲ್ಯುಮಿನಿಯಮ್ಮಿನದು. ಬಾಳಿಕೆ ಯಾವುದು ಬರುತ್ತದೆ ಅಂತ ಕೇಳಿದೆ.

"ನೋಡ್ರಿ," ಅಂದರು ಗಂಭೀರವಾಗಿ, "ಇವೆರಡರಲ್ಲಿ ಯಾವುದನ್ನೂ ಇಲ್ಲಿತನಕ ಯಾರೂ ವಾಪಸ್ ತಂದಿಲ್ಲ."

ಎರಡನ್ನೂ ಕೊಂಡೆ. ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು. ಯಾರೂ ಕೊಂಡೇ ಇಲ್ಲ.

ಉಪ್ಪು ನೀರಿನ ಪರೀಕ್ಷೆ

ಬಾನೆಟ್ಟಿಗೆ ತೂತು ಹೊಡೆಯುವುದು ಹುಡುಗಾಟವಲ್ಲ. ಒಮ್ಮೆ ಹೊಡೆದರೆ ಹೊಡೆದ ಹಾಗೆ. ಅದಕ್ಕೆ ಮೊದಲು ಪಿನ್ನನ್ನು ಪರೀಕ್ಷಿಸಲೇಬೇಕು ಅಂತ, ಹೊಳೆಯುವ ಜೊತೆಯನ್ನು ಅಂಗಡಿಯಲ್ಲೇ ಒಂದು ಗಾಜಿನ ಬಟ್ಟಲಿನ ಉಪ್ಪು ನೀರಿನಲ್ಲಿ ಮುಳುಗಿಸಿಟ್ಟೆ. ಬಿಡುವಾದಾಗೆಲ್ಲ ದಪ್ಪ ಲೆನ್ಸು ಹಿಡಿದು ನೋಡುತ್ತಿದ್ದೆ. ಲೆನ್ಸಿನಲ್ಲಿ ಅದು ಬೆಳ್ಳಿಯ ಬೆಟ್ಟದ ಹಾಗೆ ಕಾಣುತ್ತಿತ್ತು. ನಾಲ್ಕನೇ ದಿನ ಬೆಟ್ಟದಲ್ಲಿ ಬಿರುಕು. ಎಂಟನೇ ದಿನ ಬಟ್ಟಲಿನ ನೀರೆಲ್ಲ ಕೆಂಪು.

ಆವತ್ತೇ ಒಬ್ಬ ನಿವೃತ್ತ ಮೇಷ್ಟ್ರು ಕಣ್ಣು ಪರೀಕ್ಷೆಗೆ ಬಂದರು. ನಾನು ಚೀಟಿ ಬರೆಯುವಷ್ಟು ಹೊತ್ತು ಬಟ್ಟಲನ್ನೇ ನೋಡುತ್ತಿದ್ದರು.

"ಈಗ ಕನ್ನಡಕ ಬೇಡ, ಕಣ್ಣೊಳಗೇ ಹಾಕ್ಕೊಳ್ಳೋದು ಬಂದೈತಂತೆ. ನೀರಾಗೆ ನೆನೆಸಿಡ್ತಾರಂತೆ, ಹೌದಾ?"

"ಹೌದು ಮೇಷ್ಟ್ರೇ, ನಿಮಗೂ ಬೇಕಿದ್ರೆ ಹಾಕೋಣ."

ಮೇಷ್ಟ್ರು ತುಕ್ಕು ಹಿಡಿದ ಪಿನ್ನಿನ ಕಡೆ ಇನ್ನೊಮ್ಮೆ ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು. "ಬೇಡಪ್ಪ, ನನಗೆ ಇಷ್ಟೇ ಕಂಡ್ರೆ ಸಾಕು."

ಅಲ್ಯುಮಿನಿಯಮ್ಮಿನದು ತುಕ್ಕು ಹಿಡಿಯುವುದಿಲ್ಲ ಅಂತ ಸಂಭ್ರಮದಿಂದ ಮನೆಗೆ ಒಯ್ದು ಹೆಂಡತಿಗೆ ತೋರಿಸಿದೆ. ಅವಳು ಬಿಗಿದಿದ್ದ ಬೆಲ್ಲದ ಡಬ್ಬಿಯ ಮುಚ್ಚಳವನ್ನು ಅದರ ತುದಿಯಿಂದ ಮೀಟಿದಳು. ಮುಚ್ಚಳ ಅಲ್ಲೇ ಇತ್ತು. ಪಿನ್ನು ಬಾಗಿತು. ಅದನ್ನು ನನ್ನ ಅಂಗೈ ಮೇಲೆ ಇಟ್ಟು ಒಳಗೆ ಹೋದಳು.

ಕುರಿ ಹತ್ತಿದ್ದು

ಹಳೆಯ ಕೊಂಡಿಯ ಬದಲಿಗೆ ಅಂಥದ್ದೇ ಇನ್ನೊಂದು ಸಿಗಬಹುದೆಂದು ಹೊಳಲ್ಕೆರೆಗೆ, ಸಾಹುಕಾರರ ಮಗನ ಹತ್ತಿರ ಹೋದೆ. ಸಿಗಲಿಲ್ಲ. ವಾಪಸು ಬರುವಾಗ ಗಾಳಿ ಜೋರಾಯಿತು, ಹಗ್ಗ ಕೊಯ್ದು ತೆಗೆದಿದ್ದ ಬಾನೆಟ್ಟು ತಟತಟ ಅನ್ನತೊಡಗಿತು. ಒಂದು ಹೊಲದ ಪಕ್ಕ ನಿಲ್ಲಿಸಿದೆ. ಅಲ್ಲಿ ಒಬ್ಬ ಮುದುಕ ಕುರಿಮಂದೆ ಹಾಕಿದ್ದ. ಸಂಜೆ ಬಿಸಿಲಿನಲ್ಲಿ ಕುರಿಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿ, ಹೊಲವೇ ಮೆಲ್ಲಗೆ ಉಸಿರಾಡುತ್ತಿರುವ ಹಾಗೆ ಕಾಣುತ್ತಿತ್ತು.

ಮುದುಕ ಬಂದು ಕಷ್ಟ ಕೇಳಿದ. ಹೇಳಿದೆ. ಅವನು ನನ್ನನ್ನು ಮಂದೆಯ ತಡಿಕೆ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ, ಅದಕ್ಕೆ ಅಡ್ಡ ತೂರಿಸಿದ್ದ ಮರದ ಬೆಣೆ ತೋರಿಸಿದ. ಬೆಣೆಗೆ ಒಂದು ದಾರ, ದಾರದ ಇನ್ನೊಂದು ತುದಿ ಬಾಗಿಲಿಗೇ ಕಟ್ಟಿತ್ತು.

"ಕುರಿ ಮೂತಿಯಿಂದ ತಿವಿದು ತಿವಿದು ಬೆಣೆ ಬೀಳಿಸ್ತಾವೆ. ದಾರ ಐತೆ ಅಂದ್ರೆ ಬಿದ್ರೂ ಇಲ್ಲೇ ನೇತಾಡ್ತೈತೆ. ನಿಮ್ಮ ಪಿನ್ನಿಗೂ ಒಂದು ದಾರ ಕಟ್ರಿ. ಎಷ್ಟು ಗಟ್ಟಿ ಇದ್ರೇನು, ಕಳೆದು ಹೋದ್ರೆ ಏನು ಮಾಡ್ತೀರಿ?"

ಇಷ್ಟು ದಿನ ಓದಿ, ಕೇಳಿ, ನೆನೆಸಿಟ್ಟು ನೋಡಿದರೂ ಇದು ನನ್ನ ತಲೆಗೆ ಬಂದಿರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು. ತಿರುಗಿ ನೋಡಿದರೆ ಒಂದು ದೊಡ್ಡ ಟಗರು ನನ್ನ ಬಾನೆಟ್ಟಿನ ಮೇಲೆ ಹತ್ತಿ, ಎಂಜಿನ್ನಿನ ಬಿಸಿಗೆ ಹೊಟ್ಟೆ ಕೊಟ್ಟು ಕಣ್ಣು ಮುಚ್ಚಿ ಮಲಗಿತ್ತು.

"ಅಯ್ಯೋ, ಇಳಿಸ್ರಿ ಅದನ್ನ!" ಅಂದೆ.

ಮುದುಕ ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿದ. "ಇರ್ಲಿ ಬಿಡ್ರಿ," ಅಂದ. "ದುರ್ಗ ಮುಟ್ಟೋ ತನಕ ಕರಕೊಂಡು ಹೋಗ್ರಿ. ಅದು ಇರೋ ತನಕ ನಿಮ್ಮ ಬಾನೆಟ್ಟು ಏಳಲ್ಲ."

ಹೊಸದುರ್ಗದ ಮೇಸ್ತ್ರಿ

ಕಡೆಗೆ ಯಾರೋ ಹೇಳಿದರು ಅಂತ ಹೊಸದುರ್ಗದ ಒಬ್ಬ ಲೇತ್ ಮೇಸ್ತ್ರಿಯ ಹತ್ತಿರ ಹೋದೆ. ದಪ್ಪ ಮೀಸೆ, ಕಡಿಮೆ ಮಾತು. ನನ್ನ ತುಕ್ಕು ಪಿನ್ನನ್ನೂ ಬಾಗಿದ ಪಿನ್ನನ್ನೂ ನೋಡಿ ಎರಡನ್ನೂ ಬೆಂಚಿನ ಕೆಳಗೆ ಎಸೆದ. ಮೂಲೆಯಿಂದ ಒಂದು ಉಕ್ಕಿನ ಸಲಾಕೆ ತಂದ.

"ಬೋರ್‌ವೆಲ್ ಮೋಟರಿನ ಶಾಫ್ಟು. ಎಷ್ಟೋ ವರ್ಷ ನೆಲದೊಳಗೆ ನೀರಾಗೇ ತಿರುಗಿದ್ದು. ಒಂದು ಚುಕ್ಕೆ ತುಕ್ಕು ತೋರಿಸ್ರಿ ನೋಡಾಣ."

ಲೆನ್ಸು ಹಚ್ಚಿ ನೋಡಿದೆ. ಇರಲಿಲ್ಲ. ಕತ್ತಲೆಯ ನೀರಿನಲ್ಲಿ ಅಷ್ಟು ಕಾಲ ತಿರುಗಿದ್ದು ಇನ್ನು ಮೇಲೆ ಗಾಳಿ ಬಿಸಿಲಿನಲ್ಲಿ ನನ್ನ ಕಾರಿನ ಮೂತಿಯ ಮೇಲೆ ನಿಂತು ಲೋಕ ನೋಡುತ್ತದೆ ಅನ್ನುವುದೇ ನನಗೆ ಸಾಕಾಯಿತು.

ಮರುವಾರ ಕಾರು ಒಯ್ದೆ. ಹೆಂಡತಿ ಬಸ್ಸಿನಲ್ಲಿ ಬಂದಳು. "ನನ್ನ ಎದುರಿಗೇ ಆಗ್ಬೇಕು" ಅಂತ ಹಟ. ಮೇಸ್ತ್ರಿ ನೀಲಿ ಬಾನೆಟ್ಟಿನ ಮೇಲೆ ಸೀಮೆಸುಣ್ಣದಿಂದ ಎರಡು ಚುಕ್ಕೆ ಇಟ್ಟು ಡ್ರಿಲ್ಲು ಎತ್ತಿದ. ನಾನು ಬಾಲ್ಯದಿಂದ ನೋಡಿದ ಆಕಾಶಕ್ಕೆ ತೂತು ಬೀಳುವುದನ್ನು ನೋಡಲಾರದೆ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಹೆಂಡತಿಯೂ ಹಿಂದೆಯೇ ಬಂದು ಭುಜದ ಮೇಲೆ ಕೈ ಇಟ್ಟಳು. ಸದ್ದು ನಿಂತಿತು. ಒಳಗೆ ಹೋದರೆ ಎರಡು ಕಂಬಿ, ಎರಡು ಪಿನ್ನು, ಪಿನ್ನಿಗೊಂದು ತೆಳು ಉಕ್ಕಿನ ಹುರಿ. ನೆತ್ತಿಯಲ್ಲಿ ಎರಡು ಚಿಕ್ಕ ನಕ್ಷತ್ರ ಇಟ್ಟ ಹಾಗಿತ್ತು.

"ಗಟ್ಟಿ ಅದಾವಾ?" ಹೆಂಡತಿ ಕೇಳಿದಳು.

ಮೇಸ್ತ್ರಿಗೆ ಅದು ಅವಮಾನವಾದಂತೆ ಕಂಡಿತು. "ಅಮ್ಮಾ, ಒಳಗೆ ಕುಂತ್ಕಳ್ರಿ. ನೀವೇ ನೋಡ್ರಿ" ಅಂದ. ಅವಳು ಬಾಗಿಲು ತೆಗೆದು ಕೂತಳು. "ಇದು ಎದ್ರೆ ಇಲ್ಲಿಂದ್ಲೇ ಬಸ್ ಸ್ಟ್ಯಾಂಡಿಗೆ ಹೋಗ್ತೀನಿ" ಅಂತ ನನಗೆ ಎಚ್ಚರಿಸಿದಳು. ಮೇಸ್ತ್ರಿ ಮಾಡಿನ ತೊಲೆಯಿಂದ ಇಳಿಬಿದ್ದ ಸರಪಳಿ ರಾಟೆಗೆ ಎರಡು ಅಗಲ ಬೆಲ್ಟು ಸಿಕ್ಕಿಸಿ, ಅವನ್ನು ಬಾನೆಟ್ಟಿನ ಮುಂದಿನ ಅಂಚಿಗೆ ಹಾಕಿ, ಗೋಣಿಚೀಲ ಮಡಿಸಿ ಒತ್ತುಕೊಟ್ಟ. ಬಾನೆಟ್ಟನ್ನು ಎತ್ತಿ ಪಿನ್ನು ಬಿಡುತ್ತದೋ ನೋಡುವುದು ಅವನ ಪರೀಕ್ಷೆ. ಸರಪಳಿ ಎಳೆದ. ಕಟಕಟ ಅಂತ ಬೆಲ್ಟು ಬಿಗಿಯಾಯಿತು. ಬಾನೆಟ್ಟು ಅಲುಗಲಿಲ್ಲ. ಇನ್ನೂ ಎಳೆದ. ಬೀದಿಯವರು ಬಂದು ಬಾಗಿಲಲ್ಲಿ ಸೇರಿದರು. ಮೇಸ್ತ್ರಿಗೆ ಹುರುಪು ಬಂತು. ಎಳೆದ, ಎಳೆದ.

ಬಾನೆಟ್ಟು ಏಳಲಿಲ್ಲ. ಕಾರು ಎದ್ದಿತು.

ಮೊದಲು ಸ್ಪ್ರಿಂಗುಗಳು ನಿಟ್ಟುಸಿರು ಬಿಟ್ಟು ನೀಳವಾದವು. ಆಮೇಲೆ ಮೂತಿ ಮೆಲ್ಲಗೆ, ಬಹಳ ಮೆಲ್ಲಗೆ, ಮೇಲಕ್ಕೆ ತಿರುಗಿತು. ಮುಂದಿನ ಟೈರಿಗೂ ನೆಲಕ್ಕೂ ನಡುವೆ ಒಂದು ಬೀಡಿ ತೂರುವಷ್ಟು ಬೆಳಕು ಕಂಡಿತು. ಹೆಂಡತಿ ಸೀಟಿಗೆ ಒರಗಿಕೊಂಡವಳು ಹಾಗೆಯೇ ಹಿಂದಕ್ಕೆ ವಾಲಿ, ಗಾಜಿನಲ್ಲಿ ಮಾಡಿನ ಸಂದಿಯ ಆಕಾಶ ನೋಡುತ್ತಾ ತೇಲುತ್ತಿದ್ದಳು.

"ಮೇಸ್ತ್ರಿ, ಇಳಿಸ್ರೀ!" ಅಂತ ಕೂಗಿದೆ.

"ಇರ್ರಿ, ಅಮ್ಮಾರು ಒಪ್ಲಿ!" ಅಂದ ಮೇಸ್ತ್ರಿ, ಸರಪಳಿ ಹಿಡಿದೇ.

ಒಳಗಿನಿಂದ ಅವಳ ದನಿ ಬಂತು, ಏನೂ ಗಾಬರಿಯಿಲ್ಲದೆ. "ಒಪ್ಪಿದೆ, ಇಳಿಸಪ್ಪ." ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು. "ನೀವೂ ಬರ್ರಿ, ಹೋಗಾಣ. ಇನ್ನು ಗಾಳಿ ಬಂದ್ರೆ ಬಾನೆಟ್ಟು ಒಂದೇ ಹಾರಲ್ಲ, ನಾವೂ ಜೊತೆಗೇ ಹೋಗ್ತೀವಿ."